ಜೋಡಿಡಿಸ್ಕ್ ಮೀಮಾಂಸೆ: ಅಣ್ಣಿಗೇರಿ ಪ್ರಸ್ಥಾನ

ಮನೆಯ ಸ್ಟೋರೇಜ್ ಸರ್ವರ್ ಅನಾದಿಯೋ ಸಾದಿಯೋ ಎಂಬ ವಿವಾದ ವಿದ್ವಾಂಸರಲ್ಲಿ ಇನ್ನೂ ಬಗೆಹರಿದಿಲ್ಲ. ಅಣ್ಣಿಗೇರಿ ಪ್ರಸ್ಥಾನದ ಮತದಲ್ಲಿ ಅದು ಸಾದಿ. ಧಾರವಾಡದಲ್ಲಿ ಓದುವ ಮಗ ಹಳೇ ಕಂಪ್ಯೂಟರೊಂದನ್ನು ತಂದು, ಕಡ್ಲಿ ಚೀಲ ಒಟ್ಟಿದ ಕೋಣೆಯಲ್ಲಿ ಪ್ರತಿಷ್ಠಾಪಿಸಿದ ದಿನವೇ ಅದರ ಆದಿ. ಗರ್ಭದಲ್ಲಿ ಅಕ್ಕನ ಮದುವೆಯ ವಿಡಿಯೊ, ಹೊಲದ ಪಹಣಿ, ಕುಂದಗೋಳದಲ್ಲಿ ಸವಾಯಿ ಗಂಧರ್ವರ ನೆನಪಿಗೆ ನಡೆಯುವ ಸಂಗೀತದ ರೆಕಾರ್ಡಿಂಗು.

ಶಾಸ್ತ್ರದ ಮೂಲ ಬರ್ಕ್ಲಿ. ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರಲ್ಲಿ ಅಗ್ಗದ ಡಿಸ್ಕುಗಳನ್ನು ಕೂಡಿಹಾಕುವ ಬಗೆಗಳನ್ನು ವಿಂಗಡಿಸಿ, ಒಂದರಲ್ಲಿ ಬರೆದದ್ದನ್ನೇ ಇನ್ನೊಂದರಲ್ಲೂ ಬರೆಯುವ ಕನ್ನಡಿ ಪದ್ಧತಿಗೆ ಒಂದನೇ ನಂಬರು ಕೊಟ್ಟರು. ಪಾಪ, ಅವರು ಗದಗ ದಾಟಿ ಲಕ್ಕುಂಡಿಗೆ ಬಂದವರಲ್ಲ. ಅಲ್ಲಿಯ ಅತ್ತಿಮಬ್ಬೆ ಹತ್ತನೆಯ ಶತಮಾನದಲ್ಲೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದಳು. ಬರ್ಕ್ಲಿಯದು ಎರಡು, ಲಕ್ಕುಂಡಿಯದು ಸಾವಿರ. ಉಳಿದ 998ರ ಬಗ್ಗೆ ಪಾಶ್ಚಾತ್ಯರು ತುಟಿ ಬಿಚ್ಚುವುದಿಲ್ಲವೆಂದು ಪ್ರಸ್ಥಾನದ ತಕರಾರು.

ಮಗ ಸರ್ವರಿಗೆ ಕನ್ನಡಿಯಾಗಿ ಎರಡನೇ ಡಿಸ್ಕು ತರಹೊರಟಾಗ ಪೂರ್ವಪಕ್ಷವನ್ನು ಅವ್ವ ಮಂಡಿಸಿದಳು: "ಎರಡರಾಗೂ ಒಂದ ಇರೂದಾದ್ರ ಇನ್ನೊಂದಕ್ಕ ಯಾಕೋ ರೊಕ್ಕಾ ಸುರೀತಿ?"

ಉತ್ತರಪಕ್ಷ: "ಯವ್ವಾ, ಇದು ಬೂಟ್ ಡಿಸ್ಕ್. ಮದಿವಿ ವಿಡಿಯೊ ಇದರಾಗ ಇಲ್ಲ, ಅದನ್ನ ತಗದು ತೋರ್ಸಾಂವ ಇದರಾಗ ಅದಾನ. ಇಂವ ಮಕ್ಕೊಂಡ್ರ ಉಳಿದಿದ್ದೆಲ್ಲಾ ಇದ್ದೂ ಇಲ್ಲದಂಗ."

ಇನ್ನು ಸಿದ್ಧಾಂತ. ಅನುಸ್ಥಾಪನೆಯ ವೇಳೆಯೇ ಎರಡೂ ಡಿಸ್ಕಿಗೆ ಟಿಕ್ ಹಾಕುವುದು ಉತ್ತಮ ಮಾರ್ಗ. ಆಮೇಲೆ ಸೇರಿಸುವುದು ಮಧ್ಯಮ, ಅದರಲ್ಲಿ ಎರಡು ವಿಘ್ನ. ಚೀಟಿಯ ಮೇಲೆ ಎರಡಕ್ಕೂ 120 ಜಿಬಿ ಎಂದೇ ಇದ್ದರೂ ಹೊಸದು ಕೂದಲೆಳೆಯಷ್ಟು ಚಿಕ್ಕದಾದರೆ ಜೋಡಿ ಕೂಡುವುದಿಲ್ಲ. ಕೂಡಿತೆಂದೇ ಇಟ್ಟುಕೊಳ್ಳಿ, ಕೈಯಾರೆ ಕಟ್ಟಿದ ಜೋಡಿಯಲ್ಲಿ ಕಡತಗಳೆಲ್ಲ ಪ್ರತಿಬಿಂಬಿಸಿದರೂ, ಯಂತ್ರ ಏಳುವಾಗ ಮೊದಲು ಹುಡುಕುವ ಪುಟ್ಟ ಇಎಫ್‌ಐ ಭಾಗ ಹಳೇ ಡಿಸ್ಕಿನಲ್ಲಷ್ಟೇ ಉಳಿದಿರಬಹುದು. ಜೋಡೆತ್ತು ಹೂಡಿ ಒಂದಕ್ಕಷ್ಟೇ ಮೂಗುದಾರ ಹಾಕಿದ ಹಾಗೆ.

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಹಿರಿದು. ಮಗ ಕರೆಂಟು ತೆಗೆದು, ಹಳೇ ಡಿಸ್ಕಿನ ಕೇಬಲ್ ಕಳಚಿ, ಮತ್ತೆ ಸ್ವಿಚ್ ಒತ್ತಿದ. ಕಪ್ಪು ಪರದೆ, ಮೂಲೆಯಲ್ಲಿ ಬಿಳಿ ಗೀಟೊಂದು ಮಿಣಮಿಣ.

"ಚಲೋ ಇದ್ದದ್ದನ್ನ ಕಿತ್ತಿ," ಎಂದು ಅವ್ವ ಟೀಕೆ ಬರೆದಳು. ಇಎಫ್‌ಐ ಭಾಗವನ್ನು ಹೊಸ ಡಿಸ್ಕಿಗೂ ನಕಲು ಮಾಡಿದ ಮೇಲೆಯೇ ಸರ್ವರ್ ಒಂಟಿ ಡಿಸ್ಕಿನ ಮೇಲೆ ಎದ್ದದ್ದು.

ಪರಿಶಿಷ್ಟ: ಕನ್ನಡಿಗೆ ವಿವೇಕವಿಲ್ಲ. ಸೆಟ್ಟಿಂಗ್ ಅಳಿಸಿದರೆ ಎರಡರಲ್ಲೂ ಒಮ್ಮೆಗೇ ಅಳಿಸುತ್ತದೆ. ಸಿಡಿಲು ಬಡಿದರೂ ಎರಡೂ ಅದೇ ಡಬ್ಬಿಯಲ್ಲಿ. ಇಲ್ಲಿ ಬರ್ಕ್ಲಿ ಸಾಲದು, ಅತ್ತಿಮಬ್ಬೆಯಂತೆ ಪ್ರತಿಯನ್ನು ಊರಾಚೆ ಕಳಿಸಬೇಕು. ಆದಕಾರಣ ಸೆಟ್ಟಿಂಗುಗಳ ಕಡತವೊಂದು ಪೆನ್‌ಡ್ರೈವಿನಲ್ಲಿ, ಖಡಕ್ ರೊಟ್ಟಿಯ ಗಂಟಿನ ಜೊತೆ, ಕಲಘಟಗಿಯ ಅಕ್ಕನ ಮನೆ ಸೇರಿತು. ಭಾವ ಅದರಲ್ಲಿ ಸಿನಿಮಾ ತುಂಬಿಕೊಂಡಿದ್ದಾನೆಂಬ ಪಾಠಾಂತರವೂ ಇದೆ, ಸಂಶೋಧನೆ ಸಾಗಿದೆ.