ಪೆಡಲ್ ತಾರತಮ್ಯ ನಿರ್ಣಯ: ಮುಂಬಯಿ ಉಪನಗರಗಳನ್ನು ವಿಶೇಷವಾಗಿ ಅನುಲಕ್ಷಿಸಿದ ಒಂದು ತೌಲನಿಕ ಅಧ್ಯಯನ

ವಚನಗಳ ಮೇಲೆ ಪಿಎಚ್‌ಡಿಗಳ ಬೆಟ್ಟವಿದೆ, ಹಳಗನ್ನಡ ವ್ಯಾಕರಣದ ಮೇಲೆ ಗುಡ್ಡವಿದೆ. ಬೇಸ್ ಗಿಟಾರಿನ ಪೆಡಲುಗಳ ವಿಷಯದಲ್ಲಿ ಮಾತ್ರ ನಮ್ಮ ವಿದ್ವತ್ ಲೋಕ ಮೌನವಾಗಿದೆ. ಅಗ್ಗದ ಪೆಡಲು ಅದರ ಹತ್ತು ಪಟ್ಟು ಬೆಲೆಯ ಪೆಡಲಿಗೆ ಸಾಟಿಯೇ, ಅಲ್ಲವೇ? ಈ ಜಿಜ್ಞಾಸೆಯನ್ನು ಬಗೆಹರಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ವ್ಯಾಪ್ತಿ ದಕ್ಷಿಣದಲ್ಲಿ ಧೋಬಿ ತಲಾವಿನ ಜೇರ್ ಮಹಲಿನಿಂದ, ಅಂದರೆ 1865ರಲ್ಲಿ ಹುಟ್ಟಿದ ಫರ್ಟಾಡೋಸ್ ವಾದ್ಯದಂಗಡಿಯಿಂದ, ಉತ್ತರದಲ್ಲಿ ವಿರಾರಿನವರೆಗೆ. ಕಲ್ಯಾಣದ ಕಡೆಯವರು ಮುನಿಸಿಕೊಳ್ಳಬಾರದು. ಅವರಿಗಾಗಿ ಎರಡನೆಯ ಸಂಪುಟವಿದೆ.

ಮೊದಲು ಲಕ್ಷಣ. ನೆಲದ ಮೇಲಿಟ್ಟು ಕಾಲಲ್ಲಿ ಒತ್ತುವ ಒಂಬತ್ತು ವೋಲ್ಟಿನ ಡಬ್ಬಿಯೇ ಪೆಡಲು. ಗಿಟಾರಿನ ನಾದ ಒಂದು ಜ್ಯಾಕಿನಿಂದ ಸಭ್ಯವಾಗಿ ಒಳಹೋಗಿ, ಇನ್ನೊಂದರಿಂದ ಗಂಟಲು ಕೆರೆದುಕೊಂಡೋ, ಒಂದು ಸ್ಥಾಯಿ ಕೆಳಗಿಳಿದೋ ಹೊರಬರುತ್ತದೆ. ವಾದ್ಯಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಾಡಿನಲ್ಲಿ ಇದು ಸಣ್ಣ ಅಪಚಾರವಲ್ಲ. ಆಯುಧಪೂಜೆಯ ದಿನ ಅರಿಶಿನ ಕುಂಕುಮ ಹಚ್ಚಿದರೆ ದೋಷ ಪರಿಹಾರವಾಗುತ್ತದೆಂದು ಈ ಲೇಖಕನ ಮತ.

ಇನ್ನು ಪಕ್ಷಗಳು. ಅಗ್ಗದವರದು ಶುದ್ಧ ಅದ್ವೈತ. ಸರ್ಕ್ಯೂಟು ಒಂದೇ, ನಾಮರೂಪಗಳು ಬರೀ ಮಾಯೆ. ಬೆಹ್ರಿಂಗರ್ ಬಿಡಿಐ21 ಎಂಬುದು ನ್ಯೂಯಾರ್ಕಿನ ಟೆಕ್ 21 ಕಂಪನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರಿನ ಪ್ರತಿಬಿಂಬ. ಬಿಒಡಿ400 ಎಂಬುದು ಬಾಸ್ ಒಡಿಬಿ-3ರ ಪ್ರತಿಬಿಂಬ. ಬಿಂಬಕ್ಕೂ ಪ್ರತಿಬಿಂಬಕ್ಕೂ ಭೇದವೆಲ್ಲಿಯದು? ಈ ಮತದ ಮಹಾವಾಕ್ಯ ಬೇಕಾದವರು ಗ್ರಾಂಟ್ ರೋಡಿನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿನ ಯಾವುದಾದರೂ ಕೌಂಟರಿನ ಮುಂದೆ ನಿಂತರೆ ಸಾಕು: "ಸೇಮ್ ಟು ಸೇಮ್ ಹೈ, ಸಾಬ್." ಐಕ್ಯವನ್ನು ಇಷ್ಟು ಚುಟುಕಾಗಿ ಯಾವ ಭಾಷ್ಯಕಾರರೂ ಹೇಳಿದಂತಿಲ್ಲ. ಬಾಸ್ ಪೆಡಲುಗಳ ಒಡೆಯ ರೋಲಂಡ್ ಕಂಪನಿ ಮಾತ್ರ ಇದನ್ನೊಪ್ಪದೆ 2005ರಲ್ಲಿ ಬೆಹ್ರಿಂಗರ್ ಮೇಲೆ ದಾವೆ ಹೂಡಿತು, ಕೊನೆಗೆ ರಾಜಿಯಾಯಿತು. ದಾವೆ ಇದ್ದದ್ದು ಹೊರರೂಪ ಕದ್ದರೆಂದು, ನಾದ ಕದ್ದರೆಂದಲ್ಲ. ಅದ್ವೈತಿಗಳು ಈ ಅಂಶವನ್ನು ಕೆಂಪು ಶಾಯಿಯಲ್ಲಿ ಗೆರೆಯೆಳೆದು ತೋರಿಸುತ್ತಾರೆ.

ದುಬಾರಿಯವರು ಉಡುಪಿಯ ಕಡೆಯವರು. ಭೇದ ಸತ್ಯ, ತಾರತಮ್ಯ ಸತ್ಯ. ಪೆಡಲುಗಳಲ್ಲೂ ಮುಕ್ತಿಯೋಗ್ಯ, ನಿತ್ಯಸಂಸಾರಿ, ತಮೋಯೋಗ್ಯ ಎಂದು ಮೂರು ವರ್ಗ. ಹೆಲ್ಸಿಂಕಿಯ ಡಾರ್ಕ್‌ಗ್ಲಾಸ್, ಸ್ವೀಡನ್ನಿನ ಇಬಿಎಸ್ ಮೊದಲನೆಯದರಲ್ಲಿ, ಬಾಸ್ ಎರಡನೆಯದರಲ್ಲಿ, ಪ್ಲಾಸ್ಟಿಕ್ ಮೈಯದ್ದೆಲ್ಲ ಎಷ್ಟು ಜನ್ಮವೆತ್ತಿದರೂ ಮೂರನೆಯದರಲ್ಲೇ. ಪ್ರಮಾಣವೇನೆಂದು ಕೇಳಿದರೆ ಡಬ್ಬಿಯನ್ನು ಕೈಗಿಟ್ಟು "ತೂಕ ನೋಡಿ" ಎನ್ನುತ್ತಾರೆ. ತೂಕ ಇರುವುದು ನಿಜ. ಒಳಗೇನಿದೆ ಎಂದು ಸ್ಕ್ರೂ ಬಿಚ್ಚಿದರೆ ಕೆಲವದರಲ್ಲಿ ಕರಿ ಎಪಾಕ್ಸಿ ಮೆತ್ತಿರುತ್ತದೆ. ಗಿಟಾರಿನವರ ಕ್ಲಾನ್ ಸೆಂಟಾರ್ ಈ ಸಂಪ್ರದಾಯಕ್ಕೆ ಪ್ರಸಿದ್ಧ. ಬಿಡಿಭಾಗಗಳ ಮೇಲಿನ ಅಂಕಿ ಯಾರಿಗೂ ಕಾಣಬಾರದು. ಕಂಡರೆ ಮರುವಾರವೇ ಲ್ಯಾಮಿಂಗ್ಟನ್ ರೋಡಿನಲ್ಲಿ ಅದರ ಅವತಾರವಾದೀತು ಎಂಬ ಭಯ.

ಎರಡು ಪಕ್ಷಗಳೂ ಒಂದು ಮೂಲಭೂತ ಸಂಗತಿಯನ್ನು ಕಡೆಗಣಿಸಿವೆ. ಬೇಸ್ ಗಿಟಾರಿನ ದಪ್ಪ ತಂತಿಯ ಇ ಸ್ವರ ಸೆಕೆಂಡಿಗೆ 41 ಸಲ ಕಂಪಿಸುತ್ತದೆ. ಅದರ ಅಲೆಯ ಉದ್ದ ಎಂಟು ಮೀಟರಿಗೂ ಮಿಕ್ಕಿದ್ದು. ಹತ್ತು ಬೈ ಹತ್ತರ ಖೋಲಿಯಲ್ಲಿ ಇದನ್ನು ನುಡಿಸಿದರೆ ಅಲೆಯ ತಲೆ ನಮ್ಮಲ್ಲಿ, ನಡು ಪಕ್ಕದ ಮನೆಯ ಕಪಾಟಿನಲ್ಲಿ, ಕಾಲು ಅದರಾಚೆ. ಪಾತ್ರೆಗಳು ಜಣಜಣಿಸಿದ ಮೇಲೆ ಬಾಗಿಲು ತಟ್ಟಲು ಬರುವ ಕಾಕುವಿಗೆ ಪೆಡಲು ಹೆಲ್ಸಿಂಕಿಯದೋ ಶೆನ್‌ಜೆನ್ನಿನದೋ ಎಂಬ ಜಿಜ್ಞಾಸೆ ಇರುವುದಿಲ್ಲ.

ಗಿಟಾರಿಗೆಂದು ಮಾಡಿದ ಪೆಡಲಿಗೆ ಈ ಮಂದ್ರ ದಕ್ಕುವುದಿಲ್ಲ. ಹೆಸರಾಂತ ಟ್ಯೂಬ್ ಸ್ಕ್ರೀಮರನ್ನೇ ನೋಡಿ: ಅದರ ಹೊಟ್ಟೆಯಲ್ಲಿ 0.047 ಮೈಕ್ರೋಫ್ಯಾರಡಿನ ಒಂದು ಕೆಪ್ಯಾಸಿಟರು, ಜೊತೆಗೆ 4.7 ಕಿಲೋ ಓಮಿನ ಒಂದು ರೆಸಿಸ್ಟರು. ಇವೆರಡೂ ಸೇರಿ 720 ಹರ್ಟ್ಸಿನಲ್ಲಿ ಗೆರೆ ಎಳೆದಿವೆ. ಅದರ ಕೆಳಗಿಳಿದಷ್ಟೂ ಪೆಡಲು ಕೈಬಿಡುತ್ತಾ ಹೋಗುತ್ತದೆ; 41ರವನು ಸರದಿಯ ಕೊನೆಯಲ್ಲಿ ನಿಂತು ಬರಿಗೈಲಿ ವಾಪಸಾಗುತ್ತಾನೆ. ಕೆಪ್ಯಾಸಿಟರು ಕಿತ್ತು 0.47ರದು ಬೆಸುಗೆ ಹಾಕಿದರೆ ಗೆರೆ 72ಕ್ಕೆ ಇಳಿಯುತ್ತದೆ. ಬೆಲೆ ಕಟಿಂಗ್ ಚಹಾಕ್ಕಿಂತ ಹೆಚ್ಚಿಲ್ಲ. ನಿತ್ಯಸಂಸಾರಿ ಮುಕ್ತಿ ಪಡೆಯುವುದು ಇಷ್ಟು ಸಸಾರವಾದರೆ ತಾರತಮ್ಯ ಸಿದ್ಧಾಂತದ ಗತಿಯೇನು ಎಂಬ ಪ್ರಶ್ನೆಗೆ ದ್ವೈತಿಗಳು ಇನ್ನೂ ಉತ್ತರಿಸಬೇಕಾಗಿದೆ.

ಇಲ್ಲಿ ವಿಶಿಷ್ಟಾದ್ವೈತಿಗಳ ಪ್ರವೇಶ. ಅವರ ದರ್ಶನವೆಲ್ಲ ಬ್ಲೆಂಡ್ ಎಂಬ ಒಂದು ತಿರುಗುಣಿಯಲ್ಲಿದೆ. ತಂತಿಯ ನಾದವನ್ನೆಲ್ಲ ಒರಟು ಮಾಡಿದರೆ ತಳ ತೆಳುವಾಗುತ್ತದೆ. ಸ್ವಚ್ಛ ನಾದವನ್ನು ಹಾಗೇ ಉಳಿಸಿಕೊಂಡು ಒರಟನ್ನು ಅದಕ್ಕೆ ವಿಶೇಷಣವಾಗಿ ಬೆರೆಸಿದರೆ ತಳವೂ ಉಳಿಯಿತು, ಗುಡುಗೂ ಬಂತು. ಈ ತಿರುಗುಣಿ ಇಲ್ಲದ ದುಬಾರಿ ಪೆಡಲಿಗಿಂತ ಇದ್ದ ಅಗ್ಗದ್ದೇ ಶ್ರೇಷ್ಠ. ಬಿಡಿಐ21ರಲ್ಲೂ ಬಿಒಡಿ400ರಲ್ಲೂ ಅದು ಇದೆ.

ಶ್ರೋತೃ ಪರೀಕ್ಷೆಯ ಫಲಿತಾಂಶ ಇನ್ನೂ ನಿರಾಶಾದಾಯಕ. ಇಂಡಿಪೆಂಡೆನ್ಸ್ ರಾಕ್ ಎಂಬ ಸಂಗೀತೋತ್ಸವ ನಡೆಯುತ್ತಿದ್ದ ಧೋಬಿ ತಲಾವಿನ ರಂಗಭವನ ಶಾಂತವಲಯದ ನಿಯಮಕ್ಕೆ ಸಿಕ್ಕಿ ಸದ್ದಡಗಿದೆ. ಈಗ ಬೇಸ್ ಕೇಳಿಸುವುದು ಗಣಪತಿ ಪೆಂಡಾಲಿನಲ್ಲಿ, ಅಲ್ಲಿ ಎಲ್ಲವೂ ಬೇಸೇ. ಇಲ್ಲವೇ ಮೊಬೈಲಿನಲ್ಲಿ, ಅಲ್ಲಿ ಯಾವುದೂ ಬೇಸಲ್ಲ. ಮೊಬೈಲಿನ ಸ್ಪೀಕರು 41 ಹರ್ಟ್ಸ್ ಹೊರಡಿಸಲಾರದು. 41ರ ಹಲವು ಪಟ್ಟಿನ ಮೇಲಿನ ಪಾಲುಗಳು ಕೇಳಿದರೆ ಕಿವಿ ತಾನೇ ಅಡಿಪಾಯ ಕಲ್ಪಿಸಿಕೊಳ್ಳುತ್ತದೆ. ಆ ಪಾಲುಗಳನ್ನು ಧಾರಾಳವಾಗಿ ಹುಟ್ಟಿಸುವುದೇ ಓವರ್‌ಡ್ರೈವ್ ಪೆಡಲಿನ ಕಸುಬು, ಮತ್ತು ಒರಟುತನದಲ್ಲಿ ಅಗ್ಗದ್ದು ಎಂದೂ ಜಿಪುಣತನ ತೋರಿಸಿಲ್ಲ.

ದೃಷ್ಟಾಂತ ಬೇಕೆನ್ನುವವರಿಗೆ: ಚರ್ಚ್‌ಗೇಟಿನಿಂದ ವಿರಾರಿಗೆ ಹೋಗುವ ಫಾಸ್ಟ್ ಲೋಕಲ್. ಫಸ್ಟ್ ಕ್ಲಾಸಿನ ದರ ಸೆಕೆಂಡಿನ ಹಲವು ಪಟ್ಟು. ಗಾಡಿ ಒಂದೇ, ತಡವೂ ಒಂದೇ, ಅಂಧೇರಿಯಲ್ಲಿ ಬೆನ್ನಿಗೆ ಬೀಳುವ ಗುದ್ದೂ ಒಂದೇ. ಮೆತ್ತೆ ಇರುವುದು ಸುಳ್ಳಲ್ಲ, ಕೂರಲು ಸಿಕ್ಕಿದರೆ.

ಚರಿತ್ರೆಯೂ ಸಾಕ್ಷಿ ನುಡಿಯುತ್ತದೆ. ಬೇಸ್ ವಾದಕ ಸಿಗದವರಿಗೆಂದು ರೋಲಂಡ್ ಕಂಪನಿ ಟಿಬಿ-303 ಎಂಬ ಪುಟ್ಟ ಯಂತ್ರ ಮಾಡಿತ್ತು. ಅದರ ನಾದ ಬೇಸ್ ಗಿಟಾರಿನಂತಿಲ್ಲವೆಂದು ಹೆಚ್ಚು ಜನ ಕೊಳ್ಳದೆ 1984ರಲ್ಲಿ ತಯಾರಿಕೆಯೇ ನಿಂತಿತು. ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ಬೇಸ್ ಗಿಟಾರನ್ನೂ ನುಡಿಸಿದ್ದ ಚರಣ್‌ಜಿತ್ ಸಿಂಗ್ ಮಾತ್ರ ಅದನ್ನಿಟ್ಟುಕೊಂಡು 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿ ರೆಕಾರ್ಡ್ ಮಾಡಿದರು. ಅದೂ ಮಾರಾಟವಾಗಲಿಲ್ಲ. 1987ರಲ್ಲಿ ಶಿಕಾಗೋದ ಹುಡುಗರು ಅದೇ ಯಂತ್ರದ ಕಿವಿ ಹಿಂಡಿ ಆಸಿಡ್ ಹೌಸ್ ಎಂಬ ಪ್ರಕಾರವನ್ನೇ ಹೊರಡಿಸಿದರು. ಸೆಕೆಂಡ್ ಹ್ಯಾಂಡ್ ಅಂಗಡಿಯ ಧೂಳು ತಿನ್ನುತ್ತಿದ್ದ ಡಬ್ಬಿಯ ಬೆಲೆ ಗಗನಕ್ಕೇರಿತು. ಸಿಂಗ್ ಅವರ ರೆಕಾರ್ಡು 2010ರಲ್ಲಿ ಮತ್ತೆ ಹೊರಬಂದಾಗ ಜಗತ್ತು ಬೆರಗಾಯಿತು. ಆ ಯಂತ್ರದ ಒಳಗಿನ ಸರ್ಕ್ಯೂಟು ಈ ನಡುವೆ ಒಂದು ರೆಸಿಸ್ಟರಿನಷ್ಟೂ ಬದಲಾಗಿರಲಿಲ್ಲ.

ಮಳೆಗಾಲದ ಅಧ್ಯಾಯವನ್ನು ಸ್ಥಳಾಭಾವದಿಂದ ಮೊಟಕುಗೊಳಿಸಿದೆ. ಜುಲೈಯ ಉಪ್ಪುಗಾಳಿಗೆ ಎಲ್ಲರ ತಿರುಗುಣಿಗಳೂ ಕರಕರ ಎನ್ನುತ್ತವೆ. ಪ್ಲಾಸ್ಟಿಕ್ ಮೈಗೆ ತುಕ್ಕಿಲ್ಲ ಎಂಬುದನ್ನು ತಮೋಯೋಗ್ಯರ ಪರವಾಗಿ ದಾಖಲಿಸುತ್ತೇನೆ. ಅದರ ಬ್ಯಾಟರಿ ಮುಚ್ಚಳದ ಕೀಲು ಉಗುರಿನಷ್ಟೇ ಗಟ್ಟಿ ಎಂಬುದನ್ನೂ.

ನಿರ್ಣಯ: ನಾದದಲ್ಲಿ ಅಗ್ಗದ್ದು ಸಾಟಿ, ಬಾಳಿಕೆಯಲ್ಲಿ, ಮರುಮಾರಾಟದ ಬೆಲೆಯಲ್ಲಿ, ಗೆಳೆಯರ ಮುಂದೆ ಬ್ಯಾಗು ಬಿಚ್ಚುವ ಗತ್ತಿನಲ್ಲಿ ದುಬಾರಿಯದೇ ಮೇಲು. ವಾರಕ್ಕೆ ನಾಲ್ಕು ಕಾರ್ಯಕ್ರಮ ಮಾಡುವವರು ಲೋಹದ ಮೈಯದನ್ನು ಕೊಳ್ಳಲಿ. ಉಳಿದವರು ಬ್ಲೆಂಡ್ ಇರುವ ಅಗ್ಗದ್ದನ್ನು ತಂದು, ಉಳಿದ ದುಡ್ಡನ್ನು ಒಳ್ಳೆಯ ಕೇಬಲಿಗೂ ಅಡಾಪ್ಟರಿಗೂ ಹಾಕಲಿ. ಕಳಪೆ ಅಡಾಪ್ಟರಿನಿಂದ ನುಸುಳುವ 50 ಹರ್ಟ್ಸಿನ ಗುಂಯ್‌ಗುಡುವಿಕೆ ಇ ತಂತಿಯ ಮೂರನೆಯ ಮನೆಯ ಜಿ ಸ್ವರಕ್ಕೆ ಕೂದಲೆಳೆಯಷ್ಟು ಹತ್ತಿರ. ಹಾಡು ಬೇರೆ ಯಾವ ಶ್ರುತಿಯಲ್ಲಿದ್ದರೂ ಮಾನ ಹೋಗುತ್ತದೆ. ಚುಚ್ಚುವ ಮೊದಲು ಪಿನ್ನಿನ ನಡುವಿರುವುದು ನೆಗೆಟಿವ್ ಹೌದೋ ಅಲ್ಲವೋ ಎಂದು ದಯವಿಟ್ಟು ನೋಡಿಕೊಳ್ಳಿ. ತಿರುಗಾಮುರುಗಾ ಆಗಿ ಸುಟ್ಟಾಗ ಅಗ್ಗದ್ದಕ್ಕೂ ದುಬಾರಿಯದಕ್ಕೂ ವಾಸನೆ ಸೇಮ್ ಟು ಸೇಮ್.