ಇದೊಂದು ಬಣ್ಣ ಬದಲಾಯಿಸ್ಕೊಡಣ್ಣ

ಕಡೂರು ಬಸ್‌ಸ್ಟ್ಯಾಂಡಿನ ಆಸುಪಾಸಿನಲ್ಲಿ ಒಬ್ಬ, ತರೀಕೆರೆಯಲ್ಲಿ ಬಿ.ಎಚ್. ರಸ್ತೆಗೆ ಮುಖ ಮಾಡಿ ಒಬ್ಬ, ಅಜ್ಜಂಪುರದಲ್ಲಿ ಜೆರಾಕ್ಸ್ ಅಂಗಡಿಯ ಹಿಂದಿನ ಅರ್ಧ ಕೋಣೆಯಲ್ಲಿ ಇನ್ನೊಬ್ಬ. ಅಪ್ಪ ಅಮ್ಮ ಇಟ್ಟ ಹೆಸರು ಏನೇ ಇರಲಿ, ಊರಿಗೆಲ್ಲ ಅವನು ಫ್ಲೆಕ್ಸಣ್ಣ. ನಾಮಕರಣದಿಂದ ಶ್ರದ್ಧಾಂಜಲಿವರೆಗೆ ಪುರೋಹಿತರಿಗೆ ಕರೆ ತಪ್ಪಿದರೂ ಇವನಿಗೆ ತಪ್ಪುವುದಿಲ್ಲ. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿತು. ಆ ಸುದ್ದಿ ಇನ್ನೂ ಬೀರೂರು ಜಂಕ್ಷನ್ನಿನಲ್ಲಿ ಕ್ರಾಸಿಂಗಿಗೆ ನಿಂತಿರಬೇಕು.

ಅವನ ಮುಂದೆ ಕೋರಲ್ ಡ್ರಾ, ಫೋಟೋಶಾಪ್, ನುಡಿ. ಪಕ್ಕದಲ್ಲಿ ಆಗಾಗ ಕೀಂಯ್ ಅನ್ನುವ ಯುಪಿಎಸ್. ಪರದೆಯ ತುಂಬ 'ಫೈನಲ್', 'ಫೈನಲ್ ನ್ಯೂ', 'ಲಾಸ್ಟ್ ಫೈನಲ್', 'ದೇವ್ರಾಣೆ ಫೈನಲ್' ಎಂಬ ಫೈಲುಗಳು. ಬಂದವರೆಲ್ಲರ ಬೇಡಿಕೆ ಒಂದೇ: "ಬೇರೆ ಏನೂ ಬ್ಯಾಡ, ಇದೊಂದು ಬಣ್ಣ ಬದಲಾಯಿಸ್ಕೊಡಣ್ಣ, ಎರಡು ನಿಮಿಷದ ಕೆಲಸ." ಹಾಗೆಂದವರು ಕುರ್ಚಿ ಎಳೆದುಕೊಂಡು ಕೂತರೆ ಎರಡು ಸಲ ಟೀ ಬಂದು ಹೋಗುತ್ತದೆ.

ಬರೆದ ಚಿತ್ರವಾದರೆ ಅದು ನಿಜಕ್ಕೂ ಎರಡು ನಿಮಿಷದ್ದೇ. ಕನ್ನಡ ಬಾವುಟದ ಹಳದಿಗೊಂದು ನಂಬರು, ಕೆಂಪಿಗೊಂದು ನಂಬರು. ಪೇಂಟ್ ಬಕೆಟ್ ತಗೊಂಡು ಸುರಿದರೆ ಮುಗಿಯಿತು. ಫೋಟೋ ಹಾಗಲ್ಲ. ಕೆಂಪು, ಹಸಿರು, ನೀಲಿ ತಲಾ 256 ಮೆಟ್ಟಿಲು. ಗುಣಿಸಿದರೆ 1,67,77,216 ಬಣ್ಣ. ಹೆಗಲ ಮೇಲಿನ ಶಾಲು ನಮ್ಮ ಕಣ್ಣಿಗೆ ಬರೀ ಹಸಿರು. ಅವನ ಪರದೆಯಲ್ಲಿ ಮಡಿಕೆಗೊಂದು ಹಸಿರು, ನೆರಳಿಗೊಂದು, ಬಿಸಿಲಿಗೊಂದು. ಅದೂ ವಾಟ್ಸಾಪಿನಲ್ಲಿ ಹತ್ತು ಕೈ ದಾಟಿ ಬಂದ ಜೆಪೆಗ್ ಆದರಂತೂ ಕೇಳಲೇಬೇಡಿ. ಹೊರೆ ಇಳಿಸಲೆಂದು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಉದ್ದದ ಚೌಕ ಮಾಡಿ ಹಿಂಡಿರುತ್ತಾರೆ. ಪಕ್ಕಪಕ್ಕದ ಎರಡು ಚುಕ್ಕಿ ಪಾಲಾದ ಅಣ್ಣತಮ್ಮಂದಿರ ಹಾಗೆ ಮುಖ ತಿರುಗಿಸಿಕೊಂಡಿರುತ್ತವೆ.

ಇದಕ್ಕೆ ಫೋಟೋಶಾಪಿನಲ್ಲಿ 'ರಿಪ್ಲೇಸ್ ಕಲರ್' ಅಂತ ಒಂದು ಉಪಾಯವಿದೆ. ಹನಿಹಾಕುವ ಕೊಳವೆಯಂಥದ್ದರಿಂದ ಬೇಡದ ಬಣ್ಣವನ್ನು ಮುಟ್ಟಿ ತೋರಿಸಿ, 'ಫಜ್ಜಿನೆಸ್' ಎಂಬ ಗುಂಡಿಯನ್ನು ಸೊನ್ನೆಯಿಂದ 200ರವರೆಗೆ ಎಲ್ಲಿಗಾದರೂ ಜಾರಿಸಬಹುದು. ಸೊನ್ನೆಯಲ್ಲಿಟ್ಟರೆ ಅಪ್ಪಟ ಅದೇ ಬಣ್ಣ ಮಾತ್ರ ಬದಲಾಗಿ ಶಾಲಿಗೆ ದಡಾರ ಎದ್ದಂತಾಗುತ್ತದೆ. 200ಕ್ಕೆ ಜಾರಿಸಿದರೆ ಪಕ್ಕದಲ್ಲಿ ನಿಂತವರ ಮೂಗಿಗೂ ಬಣ್ಣ ಬರುತ್ತದೆ. ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಫ್ಲೆಕ್ಸಣ್ಣನ ವಿದ್ಯೆ. ನಾಲಿಗೆ ತುದಿ ಕಚ್ಚಿಕೊಂಡು, ಒಂದು ಕಣ್ಣು ಕಿರಿದು ಮಾಡಿ ಜಾರಿಸುತ್ತಾನೆ, ಹಳೇ ರೇಡಿಯೋದಲ್ಲಿ ಭದ್ರಾವತಿ ಸ್ಟೇಷನ್ ಹುಡುಕುವ ಹಾಗೆ.

ಒಮ್ಮೆ ನಾನೇ ಸಿಕ್ಕಿಹಾಕಿಕೊಂಡೆ. ಯಾವುದೋ ಅರ್ಜಿಗೆ ನೀಲಿ ಹಿನ್ನೆಲೆಯ ಫೋಟೋ ಬೇಕಿತ್ತು, ನನ್ನದರಲ್ಲಿ ಬಿಳಿ. ಕೂತಿದ್ದವನು ಹೊಸ ಹುಡುಗ. ಬಣ್ಣ ಆರಿಸುವ ಫೋಟೋಶಾಪಿನ ಮಂತ್ರದಂಡಕ್ಕೆ 'ಕಂಟಿಗ್ಯುಯಸ್' ಅಂತ ಒಂದು ಟಿಕ್ ಇರುತ್ತದೆ. ಅದಿದ್ದರೆ ಮುಟ್ಟಿದ ಜಾಗಕ್ಕೆ ಅಂಟಿಕೊಂಡ ಬಿಳಿಯನ್ನಷ್ಟೇ ಹಿಡಿಯುತ್ತದೆ, ತೆಗೆದರೆ ಚಿತ್ರದಲ್ಲಿರುವ ಬಿಳಿಯನ್ನೆಲ್ಲ. ಹುಡುಗ ತೆಗೆದಿದ್ದ. ನನ್ನ ಅಂಗಿ ನೀಲಿ, ಹಲ್ಲು ನೀಲಿ, ಐವತ್ತೈದು ವರ್ಷ ಕಷ್ಟಪಟ್ಟು ನರೆಸಿದ ಕೂದಲೂ ನೀಲಿ. "ಕೊಳಲೊಂದು ಕೊಟ್ಟುಬಿಡಪ್ಪ" ಅಂದೆ. ಅವನು ಗೂಗಲ್ಲಿನಲ್ಲಿ ಕೊಳಲು ಹುಡುಕತೊಡಗಿದ.

ಹೆಂಗಸರ ಸೀರೆಯದು ಇನ್ನೊಂದು ಪುರಾಣ. ಗೃಹಪ್ರವೇಶದ ಫೋಟೋದಲ್ಲಿ ಓರಗಿತ್ತಿಯದೂ ತನ್ನದೂ ಒಂದೇ ಬಣ್ಣ ಬಂದುಬಿಟ್ಟಿದೆ, ತನ್ನದು ಬದಲಾಗಬೇಕು. ಯಾವ ಬಣ್ಣಕ್ಕೆ? ರಾಮಾ ಗ್ರೀನ್ ಅಲ್ಲ, ಎಂ.ಎಸ್. ಬ್ಲೂ ಅಲ್ಲ, ಈರುಳ್ಳಿ ಸಿಪ್ಪೆ ಬಣ್ಣ. ಅಜ್ಜಂಪುರದ ಕಡೆಯವರಿಗೆ ಈರುಳ್ಳಿ ವಿಷಯದಲ್ಲಿ ಮೋಸ ಮಾಡುವುದು ಸಾಧ್ಯವೇ? "ಇದು ಮಂಡಿಗೆ ಹೋದ ಈರುಳ್ಳಿ ಕಣಪ್ಪ, ನಾನ್ ಹೇಳಿದ್ದು ಹೊಲದಿಂದ ಕಿತ್ತಿದ್ದು!" ಕೊನೆಗೆ ಮನೆಯಿಂದ ಒಂದು ಗೆಡ್ಡೆಯನ್ನೇ ತರಿಸಿ ಪರದೆಗೆ ಹಿಡಿದು ಹೊಂದಿಸಿದರು. ಪರದೆಯಲ್ಲಿ ಬೆಳಕಿನ ಬಣ್ಣ, ಫ್ಲೆಕ್ಸಿನಲ್ಲಿ ಶಾಯಿಯ ಬಣ್ಣ. ಪ್ರಿಂಟಾಗಿ ಬಂದಾಗ ಅದು ಕೊಳೆತ ಈರುಳ್ಳಿಯಾಗಿತ್ತು. ಆಮೇಲೆ ಆ ಕುಟುಂಬದ ಕೆಲಸ ಕಡೂರಿನವನ ಪಾಲಾಯಿತು.

ಬಣ್ಣದ ಮಾತಿನಲ್ಲಿ ದನ ಸಾಕಿದವರನ್ನು ಗೆಲ್ಲುವುದಂತೂ ಆಗದ ಕೆಲಸ. ಜಾತ್ರೆಯ ಫ್ಲೆಕ್ಸಿಗೆ ಹೋರಿಯ ಫೋಟೋ ಬಂತು. ಚೆನ್ನಾಗಿ ಎದ್ದು ಕಾಣಲಿ ಅಂತ ಫ್ಲೆಕ್ಸಣ್ಣ ಬೂದು ಬಣ್ಣವನ್ನೆಲ್ಲ ಹಾಲಿನಂಥ ಬಿಳಿ ಮಾಡಿದ. ಅಮೃತ ಮಹಲ್ ಹೋರಿಗೆ ಕುತ್ತಿಗೆ, ಇಣಿ, ಹಿಂದೊಡೆಯಲ್ಲಿ ಬೂದು ಕಪ್ಪಿಗೆ ತಿರುಗಿರುತ್ತದೆ. ತಳಿ ಗುರುತಿಸುವವರು ಅದನ್ನೂ ನೋಡುತ್ತಾರೆ. ಹೇಳಿಕೇಳಿ ಅಜ್ಜಂಪುರ ಆ ತಳಿಯ ಸಂವರ್ಧನಾ ಕೇಂದ್ರ ಇರುವ ಊರು. ಅಜ್ಜ ಒಬ್ಬರು ಫ್ಲೆಕ್ಸಿನ ಕೆಳಗೆ ನಿಂತು ಹೇಳಿದರಂತೆ: "ಹೋರಿ ಚೆನ್ನಾಗೈತೆ. ಯಾವ ಕಂಪ್ನೀದು?"

ತರೀಕೆರೆಯ ಶಾಲೆಯೊಂದಕ್ಕೆ, ನಾಲಿಗೆ ತೊಡರಿಸುವ ಮಾತಿನಲ್ಲಿ ಬರುವ ಏರಿಯ ಮೇಲಿನ ಕರಿಕುರಿಮರಿಗಳ ಚಿತ್ರ ಮಾಡಿಕೊಡಬೇಕಾಯಿತು. ಕತ್ತಲ ಹಿನ್ನೆಲೆಯಲ್ಲಿ ಕಾಣಲಿಲ್ಲವೆಂದು ಮರಿಗಳನ್ನು ಬೆಳ್ಳಗೆ ಮಾಡಿದ. ಮಕ್ಕಳ ನಾಲಿಗೆ ತೊಡರುವುದೇ ನಿಂತುಹೋಯಿತು ಅಂತ ಮೇಷ್ಟ್ರು ವಾಪಸ್ ಕಳಿಸಿದರು.

ಅವನಿಗೆ ಇದರಲ್ಲಿ ಅವಮಾನವಿಲ್ಲ. "1971ರ ಕಸ್ತೂರಿ ನಿವಾಸಕ್ಕೆ 2014ರಲ್ಲಿ ಬಣ್ಣ ಹಾಕಿ ಬಿಡುಗಡೆ ಮಾಡ್ಲಿಲ್ವಾ ಸಾರ್? ಇಡೀ ಪಿಚ್ಚರ್‌ಗೇ ಆಗುತ್ತೆ, ನಂದೊಂದು ಶಾಲು" ಅನ್ನುತ್ತಾನೆ.

ಶಾಲು ಅಂದಕೂಡಲೇ ಚುನಾವಣೆಯ ಹೊತ್ತು ನೆನಪಾಗುತ್ತದೆ. ರಾತ್ರಿ ಹತ್ತೂವರೆಗೆ ಶೆಟರ್ ಅರ್ಧ ಎತ್ತಿ ಮುಖಂಡರೊಬ್ಬರು ಬಗ್ಗಿ ಒಳಗೆ ಬಂದರು. ಬೆಳಗ್ಗೆ ಬೇರೆ ಪಕ್ಷ ಸೇರುವುದಿತ್ತು. ಹೊಸ ಫೋಟೋ ತೆಗೆಸಲು ಹೊತ್ತಿಲ್ಲ, ಇರುವುದರಲ್ಲೇ ಶಾಲು ಬದಲಾಗಬೇಕು. ಫ್ಲೆಕ್ಸಣ್ಣ ಹಸಿರು ಮುಟ್ಟಿದ, ಕೇಸರಿ ಕೊಟ್ಟ, ಅವಸರದಲ್ಲಿ ಗುಂಡಿಯನ್ನು ತುಸು ಹೆಚ್ಚೇ ಜಾರಿಸಿದ. ಮುಖಂಡರ ಹಿಂದೆ ನಿಂತಿದ್ದ ಅಡಿಕೆ ತೋಟವೂ ಸಾರಾಸಗಟಾಗಿ ಪಕ್ಷಾಂತರ ಮಾಡಿತು. ತೆಂಗಿನ ಗರಿ, ಬದುವಿನ ಹುಲ್ಲು, ಹಿಂಬಾಲಕನೊಬ್ಬನ ಲುಂಗಿ ಯಾವುದೂ ಉಳಿಯಲಿಲ್ಲ. ಮುಖಂಡರಿಗೆ ಆನಂದವೋ ಆನಂದ: "ಜನಬೆಂಬಲ ಚೆನ್ನಾಗೇ ಐತಲ್ಲೋ!"

ತೋಟವನ್ನು ಒಪ್ಪಿಸಿ ವಾಪಸ್ ಕರೆತರುವಷ್ಟರಲ್ಲಿ ಹನ್ನೆರಡಾಗಿತ್ತು. ಕೊನೆಗೂ ಕುತ್ತಿಗೆಯ ಹತ್ತಿರ ಕೂದಲೆಳೆಯಷ್ಟು ಹಸಿರು ಅಂಟಿಕೊಂಡೇ ಇತ್ತು. ಅಂಚಿನ ಚುಕ್ಕಿಗಳು ಹಾಗೆಯೇ. ಅರ್ಧ ಶಾಲು, ಅರ್ಧ ಚರ್ಮ ಬೆರೆತ ಬಣ್ಣ ಅವುಗಳದು. ಎಷ್ಟು ಉಜ್ಜಿದರೂ ಮುಖಂಡರ ಕತ್ತು ಸವೆಯುತ್ತಿತ್ತೇ ಹೊರತು ಹಸಿರು ಹೋಗುತ್ತಿರಲಿಲ್ಲ.

"ಹಳೇ ಶಾಲು ಪೂರ್ತಿ ಅಳಿಸಿದ್ದೀಯೇನೋ?"

"ಇಲ್ಲಣ್ಣ, ಅದು ಕೆಳಗಿನ ಲೇಯರಲ್ಲಿ ಹಂಗೇ ಐತೆ. ಪಕ್ಕದಲ್ಲಿ ಕಣ್ಣಿನ ಗುರ್ತು ಕಾಣುತ್ತಲ್ಲ, ಅದನ್ನ ಮುಚ್ಚಿದ್ದೀನಿ ಅಷ್ಟೆ. ಡಿಲೀಟ್ ಮಾಡ್ಲಾ?"

ಮುಖಂಡರು ಶೆಟರಿನ ಕಡೆ ಒಮ್ಮೆ ನೋಡಿ, ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡರು.

"ಬ್ಯಾಡ, ಇರ್ಲಿ. ಯಾವ್ ಹೆಸರಲ್ಲಿ ಸೇವ್ ಮಾಡಿದ್ದೀಯ, ಅದೊಂದು ನಂಗೆ ಬರ್ದುಕೊಡು."