ಬಲಗಡೆಯ ಬಾಲ್ಕನಿ

ಹಡಗಿನಲ್ಲಿ ಬಲಗಡೆಯ ಕೋಣೆ ಒಳ್ಳೆಯದೋ ಎಡಗಡೆಯದೋ ಎಂದು ಒಂದಿಡೀ ಚಳಿಗಾಲ ತಲೆ ಕೆಡಿಸಿಕೊಂಡವನನ್ನು ನೀವು ಕಂಡಿಲ್ಲವೆಂದರೆ, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ನಿಮಗೆ ಕನ್ನಡದ ನೆಂಟರು ಕಡಿಮೆ ಎಂದು ಲೆಕ್ಕ. ಸಿಯಾಟಲ್ ಸುತ್ತಮುತ್ತ, ರೆಡ್ಮಂಡ್, ಬೆಲ್ವ್ಯೂ ಕಡೆ ಇಂಥವರು ಹೇರಳ. ವಯಸ್ಸು ಮೂವತ್ತರ ಆಚೀಚೆ, ಕೆಲಸ ಸಾಫ್ಟ್‌ವೇರು, ಊರು ಬೆಂಗಳೂರಿನ ದಕ್ಷಿಣದ ಯಾವುದೋ ಒಂದು ಬ್ಲಾಕು. ಮದುವೆಯಾಗಿ ವರ್ಷವಾಗಿರುತ್ತದೆ, ಹನಿಮೂನ್ ಆಗಿರುವುದಿಲ್ಲ.

ಆಗುವುದಾದರೂ ಹೇಗೆ? ಮದುವೆಗೆಂದು ಕಾಡಿಬೇಡಿ ತೆಗೆದುಕೊಂಡ ರಜೆಯಲ್ಲಿ ಚಪ್ಪರ, ಧಾರೆ, ಆರತಕ್ಷತೆ, ಬೀಗರ ಊಟ, ಸತ್ಯನಾರಾಯಣ ಪೂಜೆ, ಮನೆದೇವರು, ಮದುವೆಗೆ ಬರಲಾಗದ ಅಜ್ಜಿಯ ಮನೆ, ಅಲ್ಲಿಗೆ ಹೋದ ಮೇಲೆ ಪಕ್ಕದಲ್ಲೇ ಇದ್ದ ಚಿಕ್ಕಪ್ಪನ ಮನೆಗೆ ಹೋಗದಿದ್ದರೆ ತಪ್ಪಾಗುತ್ತದೆಂದು ಅಲ್ಲಿಗೂ. ಇಷ್ಟು ಮುಗಿಯುವಷ್ಟರಲ್ಲಿ ವಿಮಾನದ ಹೊತ್ತಾಗಿತ್ತು. ಹುಡುಗ ಒಬ್ಬನೇ ವಾಪಸಾದ. ತೀರ್ಥಹಳ್ಳಿಯ ಹುಡುಗಿಗೆ ವೀಸಾ ಆಗಿ ಆಕೆ ಬಂದಿಳಿದಾಗ ಸಿಯಾಟಲ್‌ನಲ್ಲಿ ಸಂಜೆ ನಾಲ್ಕೂವರೆಗೇ ದೀಪ ಹಚ್ಚುವ ಕಾಲ. ಹೊರಗೆ ಜಿಟಿಜಿಟಿ ಮಳೆ. ಒಳಗೆ ಈತ ಎಕ್ಸೆಲ್ ತೆರೆದು ಕೂತ.

ಅಲಾಸ್ಕವೇ ಯಾಕೆ ಎಂದು ಆಕೆ ಕೇಳಿದಳು. ಹವಾಯಿ ಇತ್ತು, ಬೆಚ್ಚಗೂ ಇತ್ತು. "ಹವಾಯಿ ಎಲ್ಲಿಗೂ ಹೋಗಲ್ಲ ಕಣೇ, ಗ್ಲೇಸಿಯರ್ ಕರಗ್ತಿದೆ" ಎಂದ. ಡೆಡ್‌ಲೈನ್ ಇಲ್ಲದ ಯಾವ ಕೆಲಸದಲ್ಲೂ ಅವನಿಗೆ ಹುರುಪಿಲ್ಲ. ಕರಗುವುದನ್ನು ನೋಡಲು ಅಷ್ಟು ದೊಡ್ಡ ಹಡಗಿನಲ್ಲಿ ಎಣ್ಣೆ ಉರಿಸಿಕೊಂಡು ಹೋಗುವುದು ಎಂಥ ನ್ಯಾಯ ಎಂಬ ಪ್ರಶ್ನೆಗೆ ಎಕ್ಸೆಲ್‌ನಲ್ಲಿ ಕಾಲಂ ಇರಲಿಲ್ಲ. ಉಳಿದದ್ದೆಲ್ಲಕ್ಕೂ ಇತ್ತು: ಕಿಟಕಿಯಿಲ್ಲದ ಕೋಣೆ, ಕಿಟಕಿಯ ಕೋಣೆ, ಬಾಲ್ಕನಿಯ ಕೋಣೆ, ಲಿಫ್ಟಿನಿಂದ ಎಷ್ಟು ಹೆಜ್ಜೆ, ತಲೆಯ ಮೇಲೆ ಜಿಮ್ ಇದೆಯೋ ಅಡುಗೆಮನೆಯೋ, ಅಲೆ ಎದ್ದರೆ ಯಾವ ಮಹಡಿ ಕಡಿಮೆ ತೂಗುತ್ತದೆ. ಸಿಯಾಟಲ್‌ನಿಂದ ಬಡಗಣಕ್ಕೆ ಹೊರಟ ಹಡಗಿಗೆ ನೆಲ ಬಲಕ್ಕಿರುತ್ತದೆ, ಬರುವಾಗ ಎಡಕ್ಕೆ. "ಹೋಗುವಾಗ ಬಲಗಡೆ, ಬರುವಾಗ ಎಡಗಡೆ ಕೋಣೆ ಕೊಡ್ತೀರಾ?" ಎಂದು ಬುಕಿಂಗ್‌ನವರಿಗೆ ಫೋನ್ ಮಾಡಿ ಕೇಳಿದ. ಆಚೆಯಿದ್ದಾಕೆ ತಮಾಷೆಯೆಂದು ನಕ್ಕಳು. ಈತ ಲೈನಿನಲ್ಲಿ ಉತ್ತರಕ್ಕೆ ಕಾಯುತ್ತಲೇ ಇದ್ದ. ಕೊನೆಗೆ ಬಲಗಡೆ ಎಂದು ತೀರ್ಮಾನವಾಯಿತು.

ಅಮೆರಿಕ ಸರ್ಕಾರ 1867ರಲ್ಲಿ ರಷ್ಯಾದಿಂದ ಇಡೀ ಅಲಾಸ್ಕವನ್ನು 72 ಲಕ್ಷ ಡಾಲರಿಗೆ ಕೊಂಡಿತು, ಎಕರೆಗೆ ಸುಮಾರು ಎರಡು ಸೆಂಟು. ಇದನ್ನು ಓದಿದ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ. ಹಾಸಿಗೆ, ಬಚ್ಚಲು, ಬಾಲ್ಕನಿ ಎಲ್ಲ ಸೇರಿ ಇನ್ನೂರು ಚದರಡಿ ಚಿಲ್ಲರೆ ಇರುವ ಕೋಣೆಗೆ ತಾನು ಕೊಟ್ಟ ದುಡ್ಡಿನಲ್ಲಿ ಅಂದು ಎಷ್ಟು ನೆಲ ಬರುತ್ತಿತ್ತೆಂದು ಲೆಕ್ಕ ಹಾಕಿ ಹೆಂಡತಿಯನ್ನು ಎಬ್ಬಿಸಿದ.

"ಸಣ್ಣದೊಂದು ತಾಲೂಕೇ ಬರ್ತಿತ್ತು ಕಣೇ!"

"ಅಡಿಕೆ ಆಗ್ತದಾ ಅಲ್ಲಿ?" ಎಂದು ಆಕೆ ಆ ಕಡೆ ಮಗ್ಗುಲಾದಳು.

ಹೊರಡುವ ವಾರ ಹುಡುಗನ ಅಮ್ಮ ವಿಡಿಯೋದಲ್ಲಿ ಬಂದರು. ಅವರದು ಎರಡೇ ಚಿಂತೆ. ಒಂದು, ಹಿಮದ ಹತ್ತಿರ ಹಡಗು ಹೋಗಬಾರದು ಅಂತ ಸಿನಿಮಾದಲ್ಲೇ ಅಷ್ಟು ಚೆನ್ನಾಗಿ ತೋರಿಸಿದ ಮೇಲೂ ಜನ ಯಾಕೆ ಹೋಗುತ್ತಾರೆ. ಎರಡು, ಊಟ. ಬೆಳಗಿನಿಂದ ನಡುರಾತ್ರಿಯವರೆಗೆ ಹಡಗಿನಲ್ಲಿ ಊಟ ಹಾಕುತ್ತಲೇ ಇರುತ್ತಾರೆ ಎಂದು ಮಗ ಹೇಳಿದ. "ಹಾಕ್ತಾರಪ್ಪ, ಏನು ಹಾಕ್ತಾರೆ ಅನ್ನೋದು ಮುಖ್ಯ" ಎಂದರು. ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಹುರಿಹಿಟ್ಟು, ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣ, "ಇರ್ಲಿ ಅಂತ" ಒಂದು ಸಣ್ಣ ಕುಕ್ಕರು. ಆ ದಾರಿಯಲ್ಲಿ ಇದು ಹೊಸ ವಿಷಯವೇನಲ್ಲ. ಕೆನಡಾದ ಕ್ಲಾಂಡೈಕಿನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಕೇಳಿ 1897-98ರಲ್ಲಿ ಸ್ಕಾಗ್‌ವೇ ಕಡೆಯಿಂದ ಸಾವಿರಾರು ಜನ ಗುಡ್ಡ ಹತ್ತಿದಾಗ, ಕೆನಡಾದ ಪೊಲೀಸರು ಗಡಿಯಲ್ಲಿ ನಿಂತು, ಒಂದು ವರ್ಷದ ದಿನಸಿ ಹೊತ್ತು ತಂದವರನ್ನಷ್ಟೇ ಒಳಕ್ಕೆ ಬಿಟ್ಟರು. ಪಾತ್ರೆ, ಡೇರೆ, ಸಲಕರಣೆ ಎಲ್ಲ ಸೇರಿ ಒಬ್ಬೊಬ್ಬನ ಹೊರೆ ಒಂದು ಟನ್ನಿನಷ್ಟಾಗುತ್ತಿತ್ತು. ಅಮ್ಮನ ಪಟ್ಟಿ ನೋಡಿದ್ದರೆ ಆ ಪೊಲೀಸರು ಸಲಾಮು ಹೊಡೆದು ಗೇಟು ತೆಗೆಯುತ್ತಿದ್ದರು. ಕುಕ್ಕರು ಮಾತ್ರ ಮನೆಯಲ್ಲೇ ಉಳಿಯಿತು, ಅದೂ ಹುಡುಗಿ ಬಾಗಿಲಲ್ಲಿ ಬ್ಯಾಗು ಬಿಚ್ಚಿ ತೆಗೆದಿಟ್ಟದ್ದರಿಂದ.

ಹಡಗು ಹತ್ತಿದ ಮೇಲಾದರೂ ಈತ ಸುಮ್ಮನೆ ಕೂರುತ್ತಾನೆಯೇ? ಪಾನೀಯದ ಪ್ಯಾಕೇಜು ಕೊಂಡಿದ್ದ. ಒಂದು ಕೋಣೆಯಲ್ಲಿ ಒಬ್ಬರು ಕೊಂಡರೆ ಇನ್ನೊಬ್ಬರೂ ಕೊಳ್ಳಬೇಕೆಂಬುದು ಅಲ್ಲಿಯ ಕಟ್ಟಳೆ. ಆಕೆಗೆ ಕಾಫಿ ಬಿಟ್ಟರೆ ಬೇರೇನೂ ಬೇಡ. ಆಕೆಯ ಪಾಲಿನ ನಷ್ಟ ತುಂಬಿಸುವ ಹೊಣೆ ಇವನ ಮೇಲೆ ಬಿತ್ತು. ಊಟಕ್ಕೆ ಮುಂಚೆ ಒಂದು, ನಡುವೆ ಒಂದು, ಊಟವಾದ ಮೇಲೆ ಎರಡು ಎಂದು ಕಷ್ಟಪಟ್ಟು ಗುಟುಕರಿಸುತ್ತ, ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳುತ್ತ ಹೋದ. ಖುಷಿಗೆ ಕುಡಿಯುವವರನ್ನು, ದುಃಖಕ್ಕೆ ಕುಡಿಯುವವರನ್ನು ಕಂಡಿದ್ದೇವೆ. ಲೆಕ್ಕ ಸರಿತೂಗಲೆಂದು ಕುಡಿಯುವವನ ಮುಖದಲ್ಲಿ ಇರುವ ಗಾಂಭೀರ್ಯವೇ ಬೇರೆ.

ಜೂನೋ ಅಲಾಸ್ಕದ ರಾಜಧಾನಿ. ಹೊರಗಿನಿಂದ ಆ ಊರಿಗೆ ರಸ್ತೆಯೇ ಇಲ್ಲ. ನೀರಿನ ಮೇಲೆ ಬರಬೇಕು, ಇಲ್ಲವೇ ಆಕಾಶದಿಂದ. ಚಳಿಗಾಲವನ್ನು ಹವಾಯಿಯಲ್ಲಿ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಗೆಯಲ್ಲಿ ಹೊಟ್ಟೆ ಹೊರೆಯಲು ಅಲ್ಲಿಗೆ ಬರುತ್ತವೆ. ಅವಕ್ಕೆ ಹವಾಯಿಯೂ ಆಯಿತು, ಅಲಾಸ್ಕವೂ ಆಯಿತು ಎಂದು ಹುಡುಗಿ ಮಾತಿನ ನಡುವೆ ಒಂದು ಮಾತು ಸೇರಿಸಿದಳು. ದೋಣಿಯಲ್ಲಿ ಹೋಗಿ ತಿಮಿಂಗಿಲ ನೋಡಿದರು. ನೋಡಿದಳು ಎನ್ನುವುದು ಸರಿ. ಅವನ ವಿಡಿಯೋದಲ್ಲಿ ಬೂದು ನೀರು ಮತ್ತು "ಬಂತು ಬಂತು, ಅಲ್ಲಲ್ಲ, ಈ ಕಡೆ" ಎಂಬ ಅವನದೇ ದನಿ ಇದೆ. ಮರುದಿನದ ಸ್ಕಾಗ್‌ವೇಯಲ್ಲಿ ಚಿನ್ನದ ಕಾಲದ ಗುಡ್ಡದ ರೈಲು ಹತ್ತಿ ಬಂದದ್ದಾಯಿತು.

ಆಮೇಲೆ ಗ್ಲೇಸಿಯರ್ ಬೇ.

ಇದಕ್ಕಾಗಿಯೇ ಅಷ್ಟೆಲ್ಲ. ಆ ಕೊಲ್ಲಿಯೊಳಕ್ಕೆ ದಿನಕ್ಕೆ ಎರಡೇ ದೊಡ್ಡ ಪ್ರವಾಸಿ ಹಡಗುಗಳಿಗೆ ಪ್ರವೇಶ. ಕೊಲ್ಲಿಯ ಬಾಯಲ್ಲಿ ರಾಷ್ಟ್ರೀಯ ಉದ್ಯಾನದ ರೇಂಜರುಗಳು ಸಣ್ಣ ದೋಣಿಯಲ್ಲಿ ಬಂದು, ಚಲಿಸುವ ಹಡಗಿಗೆ ಏಣಿ ಹತ್ತಿ, ದಿನವಿಡೀ ಮೈಕಿನಲ್ಲಿ ವಿವರಣೆ ಕೊಡುತ್ತಾರೆ. 1794ರಲ್ಲಿ ಕ್ಯಾಪ್ಟನ್ ವ್ಯಾಂಕೂವರನ ತಂಡ ಅಲ್ಲಿಗೆ ಬಂದಾಗ ಕೊಲ್ಲಿ ಎಂಬುದು ಹೆಚ್ಚುಕಡಿಮೆ ಇರಲೇ ಇಲ್ಲ, ಬಾಯಿಯ ಹತ್ತಿರದವರೆಗೂ ಮಂಜುಗಡ್ಡೆಯ ಗೋಡೆ. 1879ರಲ್ಲಿ ನಿಸರ್ಗಪ್ರೇಮಿ ಜಾನ್ ಮ್ಯೂರ್ ದೋಣಿಯಲ್ಲಿ ಬಂದು ನೋಡಿದರೆ ಗೋಡೆ ಹತ್ತಾರು ಮೈಲಿ ಹಿಂದೆ ಸರಿದಿತ್ತು. ಈಗ ಮಾರ್ಜರಿ ಹಿಮನದಿಯ ಮುಂದೆ ನಿಲ್ಲಬೇಕಾದರೆ ಅದಕ್ಕಿಂತಲೂ ಒಳಗೆ ಹೋಗಬೇಕು. ವ್ಯಾಂಕೂವರನಿಗೂ ಮುಂಚೆ ಆ ಕೊಲ್ಲಿಯ ಜಾಗದಲ್ಲಿ ಹುನಾ ಟ್ಲಿಂಗಿಟ್ ಜನರ ಊರುಗಳಿದ್ದವು. ಹದಿನೆಂಟನೆಯ ಶತಮಾನದಲ್ಲಿ ಹಿಮ ಮುನ್ನುಗ್ಗಿ ಬಂದು ಅವರನ್ನು ಎಬ್ಬಿಸಿ ಕಳಿಸಿತು. ರೇಂಜರ್ ಇದನ್ನು ಹೇಳುವಾಗ ಹುಡುಗಿ ಕೈಕೆಲಸ ಬಿಟ್ಟು ಕೇಳಿದಳು. ಮಲೆನಾಡಿನವರಿಗೆ ಮುಳುಗಡೆ ಎಂದರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶರಾವತಿಯ ನೀರಿಗೆ ಮನೆ ಬಿಟ್ಟುಕೊಟ್ಟ ನೆಂಟರು ಆಕೆಗೂ ಇದ್ದಾರೆ.

ಗಂಡ ಆಗ ಟ್ರೈಪಾಡು ಬಿಗಿಯುತ್ತಿದ್ದ. ಬೆಳಗಿನ ಜಾವ ಐದಕ್ಕೆ ಎದ್ದು ಬಲಗಡೆಯ ಬಾಲ್ಕನಿಯಲ್ಲಿ ಸ್ಥಾಪನೆಯಾಗಿದ್ದ. ಒಳಗೆ ಉಣ್ಣೆಯದೊಂದು, ಮೇಲೆ ದಪ್ಪನೆಯದೊಂದು, ಅದರ ಮೇಲೆ ಗಾಳಿ ತಡೆಯುವುದೊಂದು, ತಲೆಗೆ ಅಮ್ಮ ಕಳಿಸಿದ ಮಂಕಿ ಟೋಪಿ. ಹಡಗು ನಿಧಾನವಾಯಿತು. ಹಡಗಿನ ಜನವೆಲ್ಲ ಒಮ್ಮೆಗೇ ಓಹ್ ಎಂದದ್ದು ಕೇಳಿಸಿತು. ಇವನ ಮುಂದೆ ಬರೀ ಕಲ್ಲುಬೆಟ್ಟ.

ಮಾರ್ಜರಿ ಎಡಗಡೆ ಇತ್ತು.

ಅವನ ಮುಖ ನೋಡುವ ಹಾಗಿರಲಿಲ್ಲವಂತೆ. ಟ್ರೈಪಾಡು ಕಂಕುಳಲ್ಲಿ ಇರುಕಿಕೊಂಡು, "ಬಾ ಬೇಗ" ಎನ್ನುತ್ತ ಓಡಿದ. ಆಕೆ ಕಂಬಳಿ ಹೊದ್ದು ಕಾಫಿ ಹಿಡಿದು ಕೂತಿದ್ದಳು. "ಇದು ಮುಗೀಲಿ, ಬರ್ತೇನೆ" ಎಂದಳು. ಲಿಫ್ಟಿಗೆ ಕಾದು, ಮೇಲಿನ ಡೆಕ್ಕಿಗೆ ಹೋಗಿ, ಎಡಗಡೆಯ ಕಂಬಿಯ ಬಳಿ ಮೂರು ಸಾಲು ಜನರ ಹಿಂದೆ ನಿಂತು, ಒಬ್ಬ ಎತ್ತರದ ಅಜ್ಜನ ಕಿವಿ ಮತ್ತು ಭುಜದ ನಡುವಿನ ಸಂದಿಯಲ್ಲಿ ಕ್ಯಾಮೆರಾ ತೂರಿಸುವಷ್ಟರಲ್ಲಿ ಹಿಮನದಿ ಮೆಲ್ಲನೆ ಪಕ್ಕಕ್ಕೆ ಜರುಗತೊಡಗಿತು. ಹಡಗೇ ತಿರುಗುತ್ತಿತ್ತು. ಅಲ್ಲಿಗೆ ಹೋದ ಕ್ಯಾಪ್ಟನ್‌ಗಳು ಮಾಡುವುದೇ ಹೀಗೆ. ಎರಡೂ ಕಡೆಯವರಿಗೆ ಕಾಣಲೆಂದು ಹಿಮನದಿಯ ಎದುರು ಹಡಗನ್ನು ನಿಂತಲ್ಲೇ ಒಂದು ಸುತ್ತು ತಿರುಗಿಸುತ್ತಾರೆ. ಎಡ ಬಲ ಎಂದು ಇಡೀ ಚಳಿಗಾಲ ಯೋಚಿಸಿದವನ ಎಕ್ಸೆಲ್‌ನಲ್ಲಿ ಇದೊಂದು ಬಿಟ್ಟುಹೋಗಿತ್ತು. ಮತ್ತೆ ಕೆಳಕ್ಕೆ ಓಡಿದ.

ಬಾಲ್ಕನಿಯಲ್ಲಿ ಆಕೆಯ ಕಾಫಿ ಇನ್ನೂ ಮುಗಿದಿರಲಿಲ್ಲ. ಸುಮಾರು 250 ಅಡಿ ಎತ್ತರದ, ಒಂದು ಮೈಲಿ ಅಗಲದ ಗೋಡೆ ತಾನಾಗಿಯೇ ಬಂದು ಆಕೆಯ ಮುಂದೆ ನಿಂತಿತು. ನಡುವೆ ಒಂದು ಕಡೆ ಪುಡಿಪುಡಿ ಉದುರಿತು, ಆಮೇಲೆ ಇಡೀ ಒಂದು ಮಗ್ಗುಲು ಸದ್ದಿಲ್ಲದೆ ಜಾರಿ ನೀರಿಗೆ ಕೂತಿತು. ಸದ್ದು ಬಂದದ್ದು ಆಮೇಲೆ, ಗುಡುಗಿನ ಹಾಗೆ. ಗಂಡನೂ ಸದ್ದು ಕೇಳಿಸಿಕೊಂಡ. ಅವನು ಆಗ ಲಿಫ್ಟಿನಲ್ಲಿದ್ದ.

"ಎಷ್ಟು ದೊಡ್ಡದು ಬಿತ್ತು?" ಏದುಸಿರು ಬಿಡುತ್ತ ಕೇಳಿದ.

"ಒಂದು ಮನೆಯಷ್ಟು."

"ಎಷ್ಟು ಬಿಎಚ್‌ಕೆ?"

"ನಮ್ಮ ಊರಿನ ಮನೆ ಮಾರಾಯ. ಜಗಲಿ, ಕೊಟ್ಟಿಗೆ ಎಲ್ಲ ಸೇರಿ."

ಆಮೇಲೆ ಅರ್ಧ ಗಂಟೆ ಏನೂ ಬೀಳಲಿಲ್ಲ. ಬಿದ್ದ ಜಾಗದಲ್ಲಿ ಒಳಗಿನ ಮಂಜುಗಡ್ಡೆ ಗಾಢ ನೀಲಿಯಾಗಿ ಹೊಳೆಯಿತು. ಯಾಕೆ ಹೀಗೆ ನೀಲಿ ಎಂದು ಆಕೆ ಕೇಳಿದ್ದೇ ತಡ, ಈತನಿಗೆ ಜೀವ ಬಂತು. ವರ್ಷಗಟ್ಟಲೆ ಹಿಮದ ಭಾರ ಬಿದ್ದು ಗಾಳಿಗುಳ್ಳೆಗಳು ಹಿಂಡಿಹೋಗುತ್ತವೆ, ಬೆಳಕು ಆಳಕ್ಕೆ ಇಳಿಯುತ್ತದೆ, ಗಟ್ಟಿಯಾದ ಗಡ್ಡೆ ಬೆಳಕಿನ ಕೆಂಪನ್ನು ನುಂಗಿ ನೀಲಿಯನ್ನು ಉಳಿಸುತ್ತದೆ ಎಂದು ಒಂದೂ ಸ್ಲೈಡ್ ಇಲ್ಲದೆ ವಿವರಿಸಿದ. ಚೆನ್ನಾಗಿಯೇ ವಿವರಿಸಿದ. ಇಂಥವರನ್ನು ನೋಡಿ ನಗುವುದು ಸುಲಭ. ಆದರೆ ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿರುವ ಗಂಡಂದಿರು ಎಷ್ಟು ಮಂದಿ ಹೇಳಿ.

ಡೆಕ್ಕಿನ ಮೇಲೆ ಬಿಸಿ ಬಟಾಣಿ ಸೂಪು ಹಂಚುತ್ತಿದ್ದರು. ಡಚ್ ಮೂಲದ ಹಡಗುಗಳಲ್ಲಿ ಹಿಮನದಿಯ ದಿನದಂದು ಇದೊಂದು ಸಂಪ್ರದಾಯ. ಬಟಾಣಿ ಎಂದಮೇಲೆ ಸಸ್ಯಾಹಾರ ತಾನೇ ಎಂದು ಈತ ಎರಡು ಬಟ್ಟಲು ಎತ್ತಿಕೊಂಡ. ಪಕ್ಕದಲ್ಲಿದ್ದ ಸಪ್ಲೈಯರ್ ಇವರ ಕನ್ನಡ ಕೇಳಿ ಹತ್ತಿರ ಬಂದ. "ಅದು ಬೇಡ ಸರ್, ಹಂದಿದು ಉಂಟು ಅದರಲ್ಲಿ. ನಿಮಗೆ ಬೇರೆ ತರ್ತೇನೆ." ಎದೆಯ ಬಿಲ್ಲೆಯಲ್ಲಿ ಇಂಡಿಯಾ ಎಂದಿತ್ತು, ಮಾತಿನಲ್ಲಿ ಮಂಗಳೂರು. ಆ ರಾತ್ರಿ ಇವರ ಮೇಜಿಗೆ ಪಟ್ಟಿಯಲ್ಲಿಲ್ಲದ ದಾಲು ಬಂತು. ಈತ ಕೋಣೆಯಿಂದ ಚಟ್ನಿಪುಡಿ ತಂದು ಅವನಿಗೂ ಒಂದು ಪೊಟ್ಟಣ ಕೊಟ್ಟ. ಆ ಒಂದು ಪೊಟ್ಟಣಕ್ಕೆ ಮಾತ್ರ ಎಕ್ಸೆಲ್‌ನಲ್ಲಿ ಲೆಕ್ಕವಿಲ್ಲ.

ಮುಂದಿನ ಬಂದರು ಕೆಚಿಕನ್‌ನಲ್ಲಿ ಮಳೆ. ಅಲ್ಲಿ ಮಳೆಯೇ ಪ್ರೇಕ್ಷಣೀಯ ಸ್ಥಳ; ಬಂದರಿನ ಹತ್ತಿರ ಮಳೆಯ ಲೆಕ್ಕ ತೋರಿಸುವ ಎತ್ತರದ ಫಲಕ ನಿಲ್ಲಿಸಿದ್ದಾರೆ. 1949ರಲ್ಲಿ 202 ಇಂಚು ಸುರಿದು ದಾಖಲೆಯಾಯಿತೆಂದು ಅದರ ಹೆಮ್ಮೆ. ಈತ ತಲೆಯಿಂದ ಮೊಣಕಾಲವರೆಗೆ ಪ್ಲಾಸ್ಟಿಕ್ಕಿನಲ್ಲಿದ್ದ. ಆಕೆ ಬರಿತಲೆಯಲ್ಲಿ ಫಲಕವನ್ನು ಮೇಲಿನಿಂದ ಕೆಳಗೆ ಎರಡು ಸಲ ಓದಿದಳು.

"ಇಷ್ಟೇನಾ? ನಮ್ಮ ಆಗುಂಬೆಯಲ್ಲಿ ಸಾಧಾರಣ ವರ್ಷಕ್ಕೇ ಇದಕ್ಕಿಂತ ಹೆಚ್ಚು ಬರ್ತದೆ." ಇಡೀ ಪ್ರವಾಸದಲ್ಲಿ ತನ್ನದೊಂದು ಫೋಟೋ ತೆಗೆ ಎಂದು ಆಕೆ ಕೇಳಿದ್ದು ಅಲ್ಲೊಂದೇ ಕಡೆ. ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ.

ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾ. ಹಡಗಿಗೆ ಅಲ್ಲಿ ಅಂಥ ಕೆಲಸವೇನೂ ಇಲ್ಲ, ಕಾನೂನಿಗೆ ಇದೆ. ಪರದೇಶದ ಬಾವುಟ ಹೊತ್ತ ಹಡಗು ಅಮೆರಿಕದ ಬಂದರಿನಲ್ಲಿ ಜನ ಹತ್ತಿಸಿ, ಅಮೆರಿಕದ ಊರುಗಳನ್ನೇ ಸುತ್ತಿಸಿ ಇಳಿಸುವುದಾದರೆ ನಡುವೆ ಒಂದು ಪರದೇಶದ ಬಂದರು ಮುಟ್ಟಲೇಬೇಕೆಂದು 1886ರ ಕಾಯ್ದೆ. ಪ್ರವಾಸಿ ಹಡಗುಗಳು ಬಹುಪಾಲು ಬಹಾಮಾ, ಪನಾಮಾ ಇಂಥ ದೇಶಗಳಲ್ಲಿ ನೋಂದಣಿಯಾದವು. ಹಾಗಾಗಿ ಸಂಜೆ ಊಟದ ಹೊತ್ತಿಗೆ ವಿಕ್ಟೋರಿಯಾ ಮುಟ್ಟಿ, ನಡುರಾತ್ರಿಗೆ ಬಿಟ್ಟುಬಿಡುತ್ತವೆ. ಈ ಮುಟ್ಟಿಬಿಡುವ ಶಾಸ್ತ್ರಕ್ಕೆ ಭಾರತದ ಪಾಸ್‌ಪೋರ್ಟಿನ ಇವರಿಬ್ಬರೂ ಕೆನಡಾ ವೀಸಾ ಮಾಡಿಸಿಕೊಳ್ಳಬೇಕಾಗಿತ್ತು: ತಲೆಗೆ ನೂರು ಡಾಲರು, ಬೆರಳಚ್ಚಿಗೆ ಎಂಬತ್ತೈದು, ಇಬ್ಬರಿಗೆ ಮುನ್ನೂರ ಎಪ್ಪತ್ತು.

ಆಕೆಗೆ ಕಾಲು ನೋಯುತ್ತಿತ್ತು, ಕೋಣೆಯಲ್ಲೇ ಇರೋಣ ಎಂದಳು. "ಮುನ್ನೂರ ಎಪ್ಪತ್ತು ಕಣೇ! ಇಳಿದು ನೆಲ ಆದ್ರೂ ಮುಟ್ಟಿ ಬರೋಣ" ಎಂದು ಎಬ್ಬಿಸಿಕೊಂಡು ಹೋದ. ಪೇಟೆಯ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಬಂದರಿನ ದಂಡೆಯಲ್ಲಿ ಪ್ರಾಂತ್ಯದ ಶಾಸನಸಭೆಯ ಕಟ್ಟಡವೊಂದೇ ಮೈತುಂಬ ದೀಪ ಹಚ್ಚಿಕೊಂಡು ನಿಂತಿತ್ತು. ಅವನು ಫೋನು ತೆಗೆದು ನಿಮಿಷಕ್ಕೆ ಎಷ್ಟು ಬಿತ್ತು ಎಂದು ಗುಣಿಸತೊಡಗಿದ. ಆಕೆ ದಂಡೆಯ ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಕೂತು ಸ್ವಲ್ಪ ಹೊತ್ತು ಕಟ್ಟಡವನ್ನೇ ನೋಡಿದಳು.

"ಅದಕ್ಕೆ ಮೂರು ಸಾವಿರದ ಮುನ್ನೂರು ಚಿಲ್ಲರೆ ಬಲ್ಬಂತೆ. ಬಲ್ಬಿಗೆ ಹನ್ನೊಂದು ಸೆಂಟ್ ಬಿತ್ತು. ಮೋಸ ಇಲ್ಲ, ಬಾ ಕೂತ್ಕೋ."

ಆತ ಗುಣಿಸುವುದನ್ನು ನಿಲ್ಲಿಸಿ, ಹೆಂಡತಿಯನ್ನು ಮೇಲಿನಿಂದ ಕೆಳಗೆ ನೋಡಿದ. ಮಾರ್ಜರಿಯನ್ನೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ. ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಕೇಳಿದ:

"ಕೆನಡಾ ಸೆಂಟಾ, ಅಮೆರಿಕದ್ದಾ?"